ಹೊಳೆಮನೆಯಲ್ಲಿ ಅಪ್ಪನ ಎಡೆ

ಆ ದಿನದ ರಗಳೆಗೆಲ್ಲ ಮೂಲ ಟೈಲರ್ ಕುಮಾರನ ಹೊಸ ಮೊಬೈಲು. ಹೊಸ ಮೊಬೈಲು ಕೊಂಡವನು ಸುಮ್ಮನಿರುತ್ತಾನೆಯೇ? ಎಮ್ಮೆ, ಕರೆಂಟು ಕಂಬ, ಹೆಂಡತಿಯ ತಂಗಿ, ಹೀಗೆ ಕಂಡದ್ದನ್ನೆಲ್ಲ ಕ್ಲಿಕ್ಕಿಸಿದ. ಭಾನುವಾರ ನೆಂಟರನ್ನು ಕರೆದುಕೊಂಡು ಹೊಳೆದಂಡೆಯ ಮ್ಯೂಸಿಯಮ್ಮಿಗೆ ಹೋದವನು ಅಲ್ಲಿನ ಗೋಡೆಗಳನ್ನೂ ಬಿಡಲಿಲ್ಲ. ಅವನ್ನೆಲ್ಲ ಯಾರಿಗಾದರೂ ತೋರಿಸಬೇಕಲ್ಲ? ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಪಕ್ಕದ ಅಂಗಡಿಯ ಪುಟ್ಟರಾಜು ಸಿಕ್ಕಿಬಿದ್ದ.

ಪುಟ್ಟರಾಜುವಿನದು ಹೊಳೆನರಸೀಪುರದ ಪೇಟೆಬೀದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೋ, ಕನ್ನಡಿ ಎಲ್ಲಕ್ಕೂ ಹಾಕುತ್ತಿದ್ದನಾದರೂ ಅವನ ಸುಗ್ಗಿ ಮಾತ್ರ ಹಿರಿಯರ ಹಬ್ಬ. ಸತ್ತವರಿಗೆ ಎಡೆ ಇಡುವ ಈ ದಿನ ಮನೆಮನೆಯಲ್ಲೂ ಅಪ್ಪನದೋ ಅಜ್ಜನದೋ ಫೋಟೋ ಒರೆಸಿ, ಮುಂದೆ ಬಾಳೆ ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದನ್ನೆಲ್ಲ ಬಡಿಸುತ್ತಾರೆ. ಕುಡಿಯುತ್ತಿದ್ದವರಿಗೆ ಕುಡಿಯಲು, ಸೇದುತ್ತಿದ್ದವರಿಗೆ ಬೀಡಿ. ಸಾಂಬ್ರಾಣಿ ಹೊಗೆ ಹಾಕಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಬಂದು ಕೂರುತ್ತಾರೆ. ಸತ್ತವರು ಸಂಕೋಚವಿಲ್ಲದೆ ಉಂಡು ಹೋಗಲಿ ಎಂದು. ಆದ್ದರಿಂದ ಹಬ್ಬಕ್ಕೆ ಹದಿನೈದು ದಿನ ಮುಂಚಿನಿಂದ ಪುಟ್ಟರಾಜುವಿನ ಅಂಗಡಿಯ ತುಂಬ ಊರಿನ ಅಪ್ಪಂದಿರು ಸಾಲಾಗಿ ಒರಗಿಕೊಂಡು ಕಟ್ಟಿಗೆ ಕಾಯುತ್ತಿದ್ದರು. ಗಾಜು ಕೊಯ್ದು ಕೊಯ್ದು ಅವನ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಲ್ಲದ ದಿನವೇ ಇರಲಿಲ್ಲ.

ಇಡೀ ಊರಿನ ಅಪ್ಪಂದಿರಿಗೆ ಕಟ್ಟು ಹಾಕಿದವನ ಮನೆಯಲ್ಲಿ ಅಪ್ಪನ ಫೋಟೋ ಇರಲಿಲ್ಲ.

ಅಪ್ಪ ಗಂಗಯ್ಯ ದೋಣಿಗಂಡಿಯ ಅಂಬಿಗ. ಗೊರೂರಿನ ಅಣೆಕಟ್ಟು ಇನ್ನೂ ಏಳುತ್ತಿದ್ದ ಕಾಲ. ಊರಿಂದ ಸ್ವಲ್ಪ ಮೇಲಕ್ಕೆ, ಸೇತುವೆಯಿಲ್ಲದ ಕಡೆ, ಜನರನ್ನೂ ಮೂಟೆಗಳನ್ನೂ ಹರಿಗೋಲಿನಲ್ಲಿ ಕೂರಿಸಿಕೊಂಡು ಹೇಮಾವತಿಯನ್ನು ದಾಟಿಸುತ್ತಿದ್ದ. ಒಂದು ಆಷಾಢದಲ್ಲಿ ಹೊಳೆ ತುಂಬಿ ಬಂದಾಗ ಹೋದವನು ಹಿಂದಿರುಗಲಿಲ್ಲ. ಹರಿಗೋಲು ಕೆಳಗೆಲ್ಲೋ ಜೊಂಡಿನಲ್ಲಿ ಸಿಕ್ಕಿತು, ಗಂಗಯ್ಯ ಸಿಗಲಿಲ್ಲ. ಆಗ ಸುಬ್ಬಮ್ಮ ಬಸುರಿ, ಹೊಟ್ಟೆಯಲ್ಲಿದ್ದವನು ಪುಟ್ಟರಾಜು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ಗಂಗಯ್ಯ ಯಾವತ್ತೂ ತೆಗೆಸಿಕೊಂಡಿರಲಿಲ್ಲವಂತೆ. ತೆಗೆಸಿಕೊಳ್ಳದೆಯೂ ಕಡಿಮೆಯೇ ಆಯಿತು. ಹೂಳಲು ದೇಹ ಸಿಗದ್ದರಿಂದ ಸಮಾಧಿಯೂ ಇಲ್ಲ. ಪ್ರತಿವರ್ಷ ಒಂದು ಚೊಂಬಿಗೆ ಹೊಸ ಪಂಚೆ ಸುತ್ತಿ, ಅದನ್ನೇ ಗಂಗಯ್ಯ ಎಂದುಕೊಂಡು ಎಡೆ ಇಡುತ್ತಿದ್ದರು.

ಚಿಕ್ಕಂದಿನಲ್ಲಿ ಪುಟ್ಟರಾಜು “ಅಪ್ಪ ಎಂಗಿದ್ದ?” ಎಂದು ಕೇಳಿದಾಗೆಲ್ಲ ಸುಬ್ಬಮ್ಮನ ಬಾಯಲ್ಲಿ ಒಂದೇ ಉತ್ತರ. “ನಿನ್ನಂಗೇ ಇದ್ದ. ನೋಡ್ಬೇಕು ಅನ್ಸಿದ್ರೆ ಕನ್ನಡಿ ನೋಡ್ಕೊ ಓಗು.” ಬೆಳೆದು ಕನ್ನಡಿಗೆ ಕಟ್ಟು ಹಾಕುವ ಕೆಲಸಕ್ಕೇ ಬಿದ್ದ ಮೇಲೆ ಅವನಿಗೆ ಕನ್ನಡಿಗೇನು ಬರವಿರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆದು ದೊಡ್ಡ ಕನ್ನಡಿಯ ಮುಂದೆ ತಲೆ ಬಾಚುವಾಗ ಒಳಗಿದ್ದವನಿಗೆ ಒಂದು ಸಣ್ಣ ನಗು ಕೊಟ್ಟು ಕೆಲಸಕ್ಕೆ ಕೂರುತ್ತಿದ್ದ. ಐವತ್ತು ದಾಟಿದ ಗಂಡಸು ಹೀಗೆ ಕನ್ನಡಿ ನೋಡಿ ನಗುವುದನ್ನು ಕಂಡು ಕುಮಾರ ಬೇರೇನೋ ತಿಳಿದುಕೊಂಡಿದ್ದ.

ಈ ವರ್ಷ ಇನ್ನೊಂದು ಸಂಕಟ ಸೇರಿಕೊಂಡಿತ್ತು. ಸುಬ್ಬಮ್ಮನಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲೂ ನರ ಒಣಗುತ್ತಿದೆ, ಆಪರೇಷನ್ನಿಗೆ ಬರುವುದಿಲ್ಲ, ಬರುವ ಹಬ್ಬದ ಹೊತ್ತಿಗೆ ಕತ್ತಲೆಯೇ ಎಂದು ಹಾಸನದ ಡಾಕ್ಟರು ಹೇಳಿಬಿಟ್ಟಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ಮುದುಕಿ, “ಕಣ್ ಓದ್ರೆ ಓಗ್ಲಿ ಬುಡು. ಒಂದ್ಸಲ ಆವಯ್ಯನ ಮುಖ ನೋಡ್ಬುಟ್ಟಿದ್ರೆ ಆಗಿತ್ತು” ಎಂದಿದ್ದಳು. ಪುಟ್ಟರಾಜು ಕಿಟಕಿಯ ಕಡೆ ತಿರುಗಿಕೊಂಡು ಎದುರಿಗೆ ಬರುವ ಲಾರಿಗಳನ್ನು ನೋಡುತ್ತ ಬಂದಿದ್ದ.

ಇಂಥವನ ಮುಂದೆ ಕುಮಾರ ಮೊಬೈಲು ಹಿಡಿದ.

“ಪುಟ್ರಾಜಣ್ಣ, ಇಲ್ನೋಡು. ನಿನ್ ಮುಖನೇ ಕಿತ್ತು ಮಡಗ್ದಂಗೈತೆ!”

ಮಾಸಿದ ಕಪ್ಪುಬಿಳುಪು ಫೋಟೋ. ಅಲ್ಲಲ್ಲಿ ಕಂದು ಕಲೆ. ಹರಿಗೋಲಿನ ಪಕ್ಕ ಹುಟ್ಟು ಹಿಡಿದು ನಿಂತ ಗಂಡಸು, ತಲೆಗೆ ರುಮಾಲು, ರುಮಾಲಿನ ಕೆಳಗೆ ಮಡಕೆಯ ಹಿಡಿಗಳಂತೆ ಎದ್ದು ನಿಂತ ಎರಡು ಕಿವಿ. ಕೆಳಗೆ ಅಚ್ಚು ಹಾಕಿದ್ದರು: ‘ದೋಣಿಗಂಡಿಯ ಅಂಬಿಗ. ಹೇಮಾವತಿ, ಅಣೆಕಟ್ಟಿಗೆ ಮುಂಚಿನ ದಿನಗಳು.’

ಪುಟ್ಟರಾಜು ತನ್ನ ಕಿವಿ ಮುಟ್ಟಿ ನೋಡಿಕೊಂಡ. ಕೈಯಲ್ಲಿದ್ದ ಸುತ್ತಿಗೆ ಯಾರದೋ ಅಪ್ಪನ ಮೇಲೆ ಬಿದ್ದು ಗಾಜು ಒಡೆಯಿತು.

“ಕುಮಾರ... ನಮ್ಮಪ್ಪ ಕಣೋ.”

“ಅದ್ನೇ ಅಲ್ವಾ ನಾನ್ ಏಳಿದ್ದು!” ಎಂದ ಕುಮಾರ. ಅವನು ಹೇಳಿದ್ದು ಅದಲ್ಲ, ಆದರೆ ಒಳ್ಳೆಯ ಸುದ್ದಿಗೆ ತಾನೇ ಕಾರಣ ಎಂದಾಗುವುದಾದರೆ ಕುಮಾರನಿಗೆ ಆಕ್ಷೇಪಣೆಯಿರಲಿಲ್ಲ.

ಆ ಮ್ಯೂಸಿಯಂ ಪುಟ್ಟರಾಜುವಿಗೆ ಹೊಸದೇನಲ್ಲ. ಹೆಸರು ‘ಹೊಳೆಮನೆ’. ಆಚೆ ದಡದಿಂದ ಬಂದ ಮೂಟೆಗಳನ್ನು ಇಳಿಸುತ್ತಿದ್ದ ಹಳೇ ಮಂಡಿಯನ್ನು ಯಾವುದೋ ಟ್ರಸ್ಟಿನವರು ಸುಣ್ಣಬಣ್ಣ ಮಾಡಿ ಹೊಳೆಯ ಚರಿತ್ರೆಗೆಂದು ತೆರೆದಿದ್ದರು. ಅದಕ್ಕೆ ಬೇಕಾದ ಕಟ್ಟುಗಳನ್ನು ಮಾಡಿಕೊಟ್ಟವನು ಇವನೇ. ಬೇಸಿಗೆಯಲ್ಲಿ ಖಾಲಿ ಕಟ್ಟುಗಳನ್ನು ಗೂಡ್ಸ್ ಆಟೋದಲ್ಲಿ ತಂದಿಳಿಸಿ, ಅಲ್ಲಿದ್ದ ಕಂಪ್ಯೂಟರಿನ ಯುವಕ ಹೇಳಿದಂತೆ ಅದನ್ನು ಹಿಡಿದು ಇದನ್ನು ಎತ್ತಿ, ಬಿಸಿಲಲ್ಲಿ ನಿಂತು ಬೆವರಿ ಬಂದಿದ್ದ. ಆಮೇಲೆ ಅವುಗಳೊಳಗೆ ಯಾರು ಬಂದು ಕೂತರೆಂದು ನೋಡಲು ಹೋಗಿರಲಿಲ್ಲ. ತಾನೇ ಮೊಳೆ ಹೊಡೆದ ಕಟ್ಟಿನಲ್ಲಿ ಅಪ್ಪ ನಿಂತಿದ್ದಾನೆಂದು ಅವನಿಗೇನು ಗೊತ್ತು?

ಮನೆಗೆ ಓಡಿದ. ಹೆಂಡತಿ ಧನಲಕ್ಷ್ಮಿ ಕೋಳಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸುಬ್ಬಮ್ಮ ಚೊಂಬಿಗೆ ಪಂಚೆ ಸುತ್ತುತ್ತಿದ್ದಳು. ಸುದ್ದಿ ಕೇಳಿದ ಮುದುಕಿಯ ಕೈ ನಿಂತಿತು. ಆಮೇಲೆ ಸುತ್ತಿದ್ದ ಪಂಚೆಯನ್ನು ಬಿಚ್ಚಿ ಮಡಿಸಿ ಮಡಿಲಲ್ಲಿಟ್ಟುಕೊಂಡಳು.

“ಎಡೆ ಅಲ್ಲೇ ಇಡಾನ,” ಎಂದಳು.

“ಅಯ್ಯೋ, ಮ್ಯೂಸಿಯಮ್ನಾಗೆ ಮುದ್ದೆ ಉಣ್ಣಕ್ಕೆ ಬುಡ್ತಾರಾ ಅತ್ತೆ?” ಎಂದಳು ಧನಲಕ್ಷ್ಮಿ.

“ಉಣ್ಣೋರು ಸತ್ತೋರು ಕಣತ್ಗೆ,” ಎಂದ ಕುಮಾರ. ಅವನು ಯಾವ ಮಾಯದಲ್ಲೋ ಹಿಂದೆಯೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. “ಸತ್ತೋರ್ಗೆ ಟಿಕೇಟೂ ಇಲ್ಲ, ರೂಲ್ಸೂ ಇಲ್ಲ. ಎಲ್ಲಾ ನಂಗ್ ಬುಡು.”

ಕುಮಾರನಿಗೆ ಬಿಟ್ಟ ಯಾವ ಕೆಲಸವೂ ನೆಟ್ಟಗಾದ ದಾಖಲೆ ಊರಿನಲ್ಲಿರಲಿಲ್ಲ. ಆದರೂ ಬಿಟ್ಟರು. ಮನೆಯನ್ನು ನೋಡಿಕೊಳ್ಳಲು ಧನಲಕ್ಷ್ಮಿ ಉಳಿದಳು. ಉಳಿದವರು ಕ್ಯಾರಿಯರು, ಬಾಳೆ ಎಲೆ, ಬೀಡಿ ಕಟ್ಟು, ಪಂಚೆ ಸಮೇತ ಆಟೋ ಹತ್ತಿದರು.

ಹೊಳೆಮನೆಯ ಗೇಟಿನಲ್ಲಿ ಕಾವಲಿಗಿದ್ದವನು ನಾಗೇಶ್. ಅವನ ತಲೆಯ ಮೇಲೇ ‘ತಿಂಡಿ ತಿನಿಸು ಒಳಗೆ ತರಬಾರದು’ ಎಂಬ ಬೋರ್ಡು. ನಾಗೇಶ್ ಬೋರ್ಡನ್ನು ತೋರಿಸಿ ಕ್ಯಾರಿಯರನ್ನು ತೋರಿಸಿದ.

“ಏನದು?”

“ಔಷ್ದಿ,” ಎಂದ ಕುಮಾರ. “ಅಜ್ಜಿಗೆ ಶುಗರ್ರು.”

ನಾಗೇಶ್ ಮೂಗು ಹತ್ತಿರ ತಂದ. “ಶುಗರ್‌ಗೆ ಕೋಳಿ ಸಾರು ಯಾವ್ ಡಾಕ್ಟ್ರು ಬರ್ಕೊಟ್ಟಿದ್ದು?”

ಕುಮಾರ ಇನ್ನೊಂದು ಸುಳ್ಳಿಗೆ ಬಾಯಿ ತೆರೆಯುವಷ್ಟರಲ್ಲಿ ಪುಟ್ಟರಾಜು ಕೈ ಮುಗಿದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಅಪ್ಪ, ಹೊಳೆ, ಫೋಟೋ, ಅವ್ವನ ಕಣ್ಣು. ನಾಗೇಶ್ ಮುದುಕಿಯ ಕಡೆ ನೋಡಿದ. ಅವಳು ಹರಿವ ನೀರಿನ ಸದ್ದು ಬರುವ ಕಡೆ ಮುಖ ಮಾಡಿ ನಿಂತಿದ್ದಳು.

“ನಮ್ಮಪ್ಪಂಗೂ ಇವತ್ತು ಎಡೆ ಸಾ,” ಎಂದ ನಾಗೇಶ್. “ನಮ್ದು ಮಲ್ಲಿಪಟ್ಟಣ. ಡ್ಯೂಟಿ ಅಂತ ನಾನಿಲ್ಲಿ ನಿಂತಿವ್ನಿ, ತಮ್ಮ ಅಲ್ಲಿ ಇಡ್ತಾವ್ನೆ. ಮೇಡಂ ಆಸ್ನಕ್ಕೆ ಓಗವ್ರೆ. ಬಿರ್ನೆ ಮುಗ್ಸಿ. ಬೆಂಕಿ ಗಿಂಕಿ ಅಚ್ಬ್ಯಾಡಿ ಮತ್ತೆ.”

ಒಳಗೆ ತಂಪಾಗಿತ್ತು. ಮೊದಲ ಕೋಣೆಯ ಗೋಡೆಯ ಉದ್ದಕ್ಕೂ ಹೊಳೆಯನ್ನು ಬರೆದಿದ್ದರು. ಬೆಟ್ಟದಲ್ಲಿ ಎಳೆಯಂತೆ ಹುಟ್ಟಿ, ಅಣೆಕಟ್ಟಿನಲ್ಲಿ ಹೊಟ್ಟೆ ಬಿಟ್ಟು, ಊರನ್ನು ಬಳಸಿ ಕಾವೇರಿಯವರೆಗೆ. ಎರಡನೆಯದರಲ್ಲಿ ಮೀನಿನ ಬಲೆ, ಗಾಳ, ಅರಕಲಗೂಡಿನ ಹೊಗೆಸೊಪ್ಪಿನ ಮೂಟೆ, ತೆಂಗಿನಕಾಯಿ ರಾಶಿ, ಮೂಟೆ ತೂಗುತ್ತಿದ್ದ ತಕ್ಕಡಿ. ಕೊನೆಯದು ದೋಣಿಗಂಡಿ ಕೋಣೆ. ಇವರು ಹೊಸ್ತಿಲು ದಾಟುತ್ತಿದ್ದಂತೆ ಎಲ್ಲೋ ಅಡಗಿದ್ದ ಸ್ಪೀಕರಿನಿಂದ ಗಂಡಸಿನ ಕೂಗು ರಾಗವಾಗಿ ಎದ್ದಿತು.

“ಓ... ಹೊಳೆ ದಾಟುವವರು ಬನ್ನಿರಪ್ಪೋ...”

ಕುಮಾರ ಬೆಚ್ಚಿ ಹಿಂದಕ್ಕೆ ಹಾರಿ ತಕ್ಕಡಿಗೆ ಡಿಕ್ಕಿ ಹೊಡೆದ. ಸುಬ್ಬಮ್ಮ ಮಾತ್ರ ಅಲ್ಲಾಡಲಿಲ್ಲ.

“ಇದು ಆವಯ್ಯಂದಲ್ಲ,” ಎಂದಳು. “ಇಂಗೆ ನಾಟಕದೋರಂಗೆ ರಾಗ ಎಳೀತಿರ್ಲಿಲ್ಲ. ಬತ್ತೀರೋ, ಓಗ್ಲೋ? ಅಂತಿದ್ದ. ಅಷ್ಟೇಯ. ಎಲ್ಡ್ನೇ ಸಲ ಕರೀತಾನೂ ಇರ್ಲಿಲ್ಲ.”

ಫೋಟೋ ಎದುರಿನ ಗೋಡೆಯಲ್ಲಿತ್ತು. ಪುಟ್ಟರಾಜು ಅವ್ವನ ಭುಜ ಹಿಡಿದು ಹತ್ತಿರ ನಿಲ್ಲಿಸಿದ. ಮುದುಕಿ ಉಳಿದ ಒಂದು ಕಣ್ಣನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದಳು. ರುಮಾಲಿನಿಂದ ಶುರು ಮಾಡಿ ಇಂಚಿಂಚಾಗಿ ಕೆಳಗೆ ಬಂದಳು. ಮತ್ತೆ ಮೇಲಕ್ಕೆ ಹೋದಳು. ಹುಬ್ಬಿನ ಹತ್ತಿರ ಬಹಳ ಹೊತ್ತು ನಿಂತಳು. ಗಾಜಿನ ಮೇಲೆ ಅವಳ ಉಸಿರು ಮಂಜಾಗಿ ಕೂತಿತು. ಸೆರಗಿನಿಂದ ಅದನ್ನು ಒರೆಸಿದಳು, ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಗುರ್ತು ಸಿಕ್ತಾ ಅಜ್ಜಿ?” ಎಂದ ಕುಮಾರ.

“ಸಿಗ್ದೆ ಏನ್ಲಾ. ನಾನ್ ಕಾಣ್ದಿರೋ ಮುಖವಾ ಇದು,” ಎಂದಳು.

ಅಷ್ಟು ಸಾಕಾಯಿತು. ಪುಟ್ಟರಾಜು ಅಡ್ಡಬಿದ್ದ. “ಅಪ್ಪಾ” ಎಂದ. ಐವತ್ತು ದಾಟಿದ ಬಾಯಿಂದ ಆ ಮಾತು ಮೊದಲ ಸಲ ಹೊರಗೆ ಬಂದದ್ದರಿಂದ ಸ್ವಲ್ಪ ಸೊಟ್ಟಗೇ ಬಂತು. ಅವನಿಗೇ ನಾಚಿಕೆಯಾಗಿ, ಮತ್ತೆ ಹೇಳಬೇಕೆನಿಸಿ, ಇನ್ನೊಂದು ಸಲ “ಅಪ್ಪಾ” ಎಂದ. ಸುಬ್ಬಮ್ಮ ಮಗನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಫೋಟೋಕ್ಕೆ ಕೈ ಮುಗಿಯುವ ಬದಲು ಎರಡೂ ಕೈಯಿಂದ ಅದರ ಮುಖ ಸವರಿ ಬೆರಳುಗಳನ್ನು ತನ್ನ ಹಣೆಯ ಪಕ್ಕಕ್ಕೆ ಒತ್ತಿ ಲಟಲಟನೆ ನೆಟಿಗೆ ತೆಗೆದಳು. ಮಕ್ಕಳಿಗೆ ದೃಷ್ಟಿ ತೆಗೆಯುವ ಹಾಗೆ. ಮುದುಕಿಗೆ ಸಂತೋಷದಲ್ಲಿ ತಲೆ ಓಡುತ್ತಿಲ್ಲ ಎಂದುಕೊಂಡರು ಎಲ್ಲರೂ.

ಎಲೆ ಹಾಸಿ, ಮುದ್ದೆ ಇಟ್ಟು, ಸಾರು ಬಡಿಸಿ, ಬೀಡಿ ಕಟ್ಟು ಬಿಚ್ಚುವಷ್ಟರಲ್ಲಿ ಹೊರಗೆ ಎರಡು ಕಾರು ನಿಂತ ಸದ್ದಾಯಿತು. ಬಿಳಿ ಷರಟು, ಬಿಳಿ ಪಂಚೆಯ ಬಸವರಾಜು ಹೆಂಡತಿ, ಸೊಸೆ, ಬೀಗರ ಸಮೇತ ಒಳಗೆ ಬಂದ. ಬಸವರಾಜು ಹಿಂದೊಮ್ಮೆ ಪುರಸಭೆ ಮೆಂಬರಾಗಿದ್ದವನು. ಈಗ ಅಲ್ಲ ಎನ್ನುವುದನ್ನು ಇನ್ನೂ ಒಪ್ಪಿಕೊಂಡಿರಲಿಲ್ಲ. ಅವನ ಹಿಂದೆ ಒಬ್ಬ ಎತ್ತಿನ ಕೊರಳಿಗೂ ದೊಡ್ಡದಾಗುವಂಥ ಸುಗಂಧರಾಜದ ಹಾರ ಹೊತ್ತಿದ್ದ.

“ಯಾರ್ರೀ ಅದು ನಮ್ಮಪ್ಪನ ಮುಂದೆ ಕೋಳಿ ಮಡಗಿರೋದು?” ಎಂದ ಬಸವರಾಜು.

“ನಿಮ್ಮಪ್ಪ ಎಲ್ಲಿಂದ ಬಂದ್ರು ಸಾ? ಇವ್ರು ನಮ್ಮಪ್ಪ,” ಎಂದ ಪುಟ್ಟರಾಜು ಎದ್ದು ನಿಂತು.

“ನಮ್ಮಪ್ಪ ಕಣಯ್ಯ! ದೋಣಿಗಂಡಿ ಗುತ್ತಿಗೆ ಹಿಡಿದಿದ್ದೋರು ಯಾರು? ನಮ್ಮಪ್ಪ. ಒಂದಿನ ಶೋಕಿಗೆ ಹುಟ್ಟು ಹಿಡ್ಕಂಡು ನಿಂತವ್ರೆ. ಇವತ್ತು ಹಾರ ಹಾಕಿ, ಕೆಳಗೆ ಅವ್ರ ಹೆಸ್ರು ಬರ್ಸೋದು ಅಂತ ತೀರ್ಮಾನ ಆಗೈತೆ.”

ಪುಟ್ಟರಾಜುವಿಗೆ ಎದೆ ಉರಿಯಿತು. ಬಸವರಾಜುವಿನ ಅಪ್ಪನನ್ನು ಅವನು ಬಲ್ಲ. ಕೋಟು ಹಾಕಿದ್ದು, ಟೋಪಿ ಹಾಕಿದ್ದು, ಮಂತ್ರಿಯ ಪಕ್ಕ ನಿಂತದ್ದು, ತಿರುಪತಿಯಲ್ಲಿ ಬೋಳಾಗಿ ನಿಂತದ್ದು, ಎಲ್ಲಕ್ಕೂ ಕಟ್ಟು ಹಾಕಿದವನು ತಾನೇ.

“ನಿಮ್ಮನೇಲಿ ರೂಮಿಗೊಂದು ಅಪ್ಪ ಅವ್ರಲ್ಲ ಸಾ. ನಂಗಿರೋದು ಇದೊಂದೇ.”

“ಅಪ್ಪ ಅಂದ್ಮೇಲೆ ಎಷ್ಟಿದ್ರೂ ಸಾಲ್ದು ಕಣಯ್ಯ,” ಎಂದು ಬಸವರಾಜು ಫೋಟೋದ ಹತ್ತಿರ ಹೋಗಿ ಬೆರಳಿಟ್ಟ. “ಇಲ್ನೋಡು, ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತೈತೆ. ನಮ್ಮಪ್ಪಂಗೆ ಕುಡ್ಲು ತಾಗಿ ಹೆಬ್ಬೆರಳು ಕೊಯ್ದಿದ್ದು ಊರಿಗೇ ಗೊತ್ತು.”

“ದೋಣಿ ಉಟ್ಟು ಇಡ್ದೂ ಇಡ್ದೂ ಬೊಬ್ಬೆ ಬಂದಿರ್ತದೆ ಸಾ. ಅದ್ಕೆ ಸುತ್ತಿರೋದು,” ಎಂದ ಕುಮಾರ.

ಹೀಗೆ ಒಂದು ಹೆಬ್ಬೆರಳಿಗಾಗಿ ಎರಡು ಕಡೆಯವರೂ ಗಂಟಲು ಹರಿದುಕೊಳ್ಳುತ್ತಿರುವಾಗ ಪುಟ್ಟರಾಜು ಬಟ್ಟೆ ಸುತ್ತಿದ ತನ್ನ ಬೆರಳನ್ನೇ ಎತ್ತಿ ಬಸವರಾಜುವಿನ ಮೂಗಿನ ಮುಂದೆ ಆಡಿಸಿ ಜಗಳವಾಡಿದ. ಯಾರೊಬ್ಬರೂ ಅದನ್ನು ನೋಡಲಿಲ್ಲ. ಜಗಳವಾಡುವವರು ಎದುರಿಗಿರುವವನನ್ನು ಎಲ್ಲಿ ನೋಡುತ್ತಾರೆ?

ಕೊನೆಗೆ ನಾಗೇಶ್ ನಡುವೆ ಬಂದ. “ಮೇಡಂ ಬಂದ್ರೆ ನನ್ ಕೆಲ್ಸ ಓಯ್ತದೆ ಸಾ. ಇಬ್ರೂ ಇಟ್ಬುಡಿ. ಯಾರಪ್ಪನೋ ಅವ್ರ್ ಬಂದು ಉಣ್ಲಿ.”

ಇದು ಎಲ್ಲರಿಗೂ ನ್ಯಾಯವೆನಿಸಿತು. ಒಂದೇ ಫೋಟೋದ ಮುಂದೆ ಎರಡು ಎಲೆ ಬಿತ್ತು. ಬಸವರಾಜುವಿನ ಅಪ್ಪ ಕೋಳಿ ಮುಟ್ಟುತ್ತಿರಲಿಲ್ಲವಾದ್ದರಿಂದ ಪಾಯಸದ ಎಲೆಗೂ ಸಾರಿನ ಎಲೆಗೂ ನಡುವೆ ಮ್ಯೂಸಿಯಮ್ಮಿನ ‘ಮುಟ್ಟಬೇಡಿ’ ಎಂಬ ಹಗ್ಗ ಕಟ್ಟಿದರು. ಬಸವರಾಜುವಿನ ಇಡೀ ಸಂಸಾರ ಸಾಲಾಗಿ ಅಡ್ಡಬಿದ್ದಿತು. ಬೀಗರೂ ಬಿದ್ದರು. ನಾಗೇಶ್ ಬೇಡವೆಂದು ಬಡಿದುಕೊಳ್ಳುತ್ತಿರುವಾಗಲೇ ಬಸವರಾಜುವಿನ ಹೆಂಡತಿ ತಾವು ತಂದಿದ್ದ ಧೂಪಾರತಿಯ ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಸುರಿದುಬಿಟ್ಟಳು. ಸುಬ್ಬಮ್ಮ ಕೆಮ್ಮತೊಡಗಿದಳು. ಪುಟ್ಟರಾಜು ಅವಳನ್ನು ಹೊರಗೆ ಕರೆತಂದು ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕೂರಿಸಿ ಬಂದ. ದೋಣಿಗಂಡಿ ಕೋಣೆಯ ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ನಿಂತರು.

ಒಳಗೆ ಕುಂಯ್ ಕುಂಯ್ ಎಂದು ಬೆಂಕಿಯ ಅಲಾರಂ ಹೊಡೆದುಕೊಳ್ಳಲು ಶುರುವಾಯಿತು.

“ಬಾಗ್ಲು ತೆಗೀರಿ!” ಎಂದ ನಾಗೇಶ್.

“ತೆಗೆದ್ರೆ ಕಾಲ್ ಮುರೀತೀನಿ. ಅಪ್ಪ ಇನ್ನೂ ಉಂಡಿಲ್ಲ,” ಎಂದ ಬಸವರಾಜು, ಬಾಗಿಲಿಗೆ ಬೆನ್ನು ಕೊಟ್ಟು.

ಒಳಗೆ ಸುತ್ತುತ್ತಿದ್ದ ಹೊಗೆಯನ್ನು ಮ್ಯೂಸಿಯಮ್ಮಿನ ಯಂತ್ರ ಯಾರೋ ಬಂದರೆಂದು ತಿಳಿಯಿತೋ ಏನೋ, ಅಲಾರಮ್ಮಿನ ನಡುವೆ ಗಂಡಸಿನ ಕೂಗು ಕೇಳಿಸಿತು. “ಓ... ಹೊಳೆ ದಾಟುವವರು ಬನ್ನಿರಪ್ಪೋ...”

“ಮಾವ ಕರೀತವ್ರೆ!” ಎಂದು ಬಸವರಾಜುವಿನ ಹೆಂಡತಿ ಅಲ್ಲೇ ಕುಸಿದಳು. ಎಲ್ಲಿಗೆ ಕರೆಯುತ್ತಿದ್ದಾರೆಂದು ಹೊಳೆದದ್ದೇ ಬಸವರಾಜು ಬಾಗಿಲು ಬಿಟ್ಟು ಮಾರು ದೂರ ಹಾರಿ ನಿಂತ.

ಆಗ ಬಂದವರು ಸ್ನೇಹಲತಾ ಮೇಡಂ. ಹೊಳೆಮನೆಯ ಉಸ್ತುವಾರಿ ಅವರದು. ಬಾಗಿಲು ತೆರೆಸಿದರು, ಕಿಟಕಿ ತೆರೆಸಿದರು, ನೆಲದ ಮೇಲಿನ ಮುದ್ದೆ ನೋಡಿ ಹಣೆಗೆ ಕೈ ಹಚ್ಚಿಕೊಂಡರು. ನಾಗೇಶನಿಗೆ ಬೈಯಲು ಉಸಿರೆಳೆದುಕೊಳ್ಳುವಷ್ಟರಲ್ಲಿ ಎರಡು ಕಡೆಯವರೂ ಒಟ್ಟಿಗೆ ನ್ಯಾಯ ಕೇಳಿದರು. ಈ ಫೋಟೋ ಯಾರ ಅಪ್ಪನದು?

“ತಡೀರಿ, ಅದನ್ನ ತಂದವರನ್ನೇ ಕೇಳ್ತೀನಿ,” ಎಂದು ಮೇಡಂ ಫೋನು ಹಚ್ಚಿ ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಬಂದದ್ದು ಕಂಪ್ಯೂಟರಿನ ಯುವಕ ಅಭಿಷೇಕನ ದನಿ.

“ದೋಣಿಗಂಡಿ ಫೋಟೋನಾ ಮೇಡಂ? ಅದು ಹಳೇದಲ್ಲ. ಅಂಬಿಗರ ಹಳೇ ಫೋಟೋ ಎಷ್ಟು ಹುಡುಕಿದ್ರೂ ಒಂದೂ ಸಿಗಲಿಲ್ಲ. ಕಟ್ಟು ತಂದುಕೊಟ್ಟ ಅಂಗಡಿಯವರನ್ನೇ ಹರಿಗೋಲಿನ ಪಕ್ಕ ನಿಲ್ಲಿಸಿ ಹುಟ್ಟು ಕೊಟ್ಟು ತೆಗೆದೆ. ರುಮಾಲು, ಕಲೆ ಎಲ್ಲ ಕಂಪ್ಯೂಟರಲ್ಲಿ ಹಾಕಿದ್ದು. ನಿಜವಾದ್ದು ಸಿಕ್ಕ ಮೇಲೆ ಬದಲಾಯಿಸೋಣ ಅಂತ ಹೇಳಿದ್ನಲ್ಲ ಮೇಡಂ. ಯಾಕೆ, ಚೆನ್ನಾಗಿಲ್ವಾ?”

ಎಲ್ಲರ ಕಣ್ಣೂ ಫೋಟೋದ ಹೆಬ್ಬೆರಳಿನಿಂದ ಪುಟ್ಟರಾಜುವಿನ ಹೆಬ್ಬೆರಳಿಗೆ ಬಂತು. ಪುಟ್ಟರಾಜುವಿಗೆ ಆ ಬಿಸಿಲು ನೆನಪಾಯಿತು. ‘ಇದನ್ನ ಸ್ವಲ್ಪ ಹಿಡ್ಕೊಳ್ಳಿ, ಅಳತೆ ನೋಡಬೇಕು’ ಎಂದು ಹುಟ್ಟು ಕೊಟ್ಟದ್ದು, ಮೊಬೈಲನ್ನು ಅತ್ತಿತ್ತ ಆಡಿಸಿದ್ದು. ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ.

“ರಾಮ ರಾಮಾ, ಬದುಕಿರೋರ್ಗೆ ಎಡೆ!” ಎಂದಳು ಎಚ್ಚರಗೊಂಡ ಬಸವರಾಜುವಿನ ಹೆಂಡತಿ.

ಬಸವರಾಜು ಪುಟ್ಟರಾಜುವನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹೋದ ಅಪ್ಪ ಜೀವಂತ ಸಿಕ್ಕಿದ್ದಕ್ಕೆ ಅಷ್ಟು ಸಿಟ್ಟಾದ ಮಗನನ್ನು ಯಾರೂ ಕಂಡಿರಲಿಕ್ಕಿಲ್ಲ. ಹಾರವನ್ನು ಎಳೆದುಕೊಂಡು, ಪಾಯಸದ ಪಾತ್ರೆ ಎತ್ತಿಕೊಂಡು, ಬೀಗರ ಮುಖ ನೋಡದೆ ಕಾರು ಹತ್ತಿದ.

“ಅಣ್ಣ,” ಎಂದ ಕುಮಾರ ಪಿಸುದನಿಯಲ್ಲಿ, “ನಿನ್ ಎಡೆ ನೀನೇ ಇಟ್ಕಂಡಂಗಾಯ್ತಲ್ಲೋ.”

ಪುಟ್ಟರಾಜುವಿಗೆ ಅದರ ಚಿಂತೆಯಿರಲಿಲ್ಲ. ಕಿಟಕಿಯಿಂದ ಮೆಟ್ಟಿಲ ಮೇಲೆ ಕೂತಿದ್ದ ಅವ್ವನ ಬೆನ್ನು ಕಾಣುತ್ತಿತ್ತು.

“ಯಾರೂ ಅವ್ವಂಗೆ ಏಳ್ಬ್ಯಾಡಿ,” ಎಂದ. “ನೋಡ್ದೆ ಅಂತ ಅವ್ಳೆ. ಅಂಗೇ ಇರ್ಲಿ.”

ಸ್ನೇಹಲತಾ ಮೇಡಂ ಬೈಗುಳವನ್ನು ಮರೆತೇಬಿಟ್ಟರು. “ಫೋಟೋ ಇಳಿಸಿಬಿಡ್ಲಾ?” ಎಂದರು ಮೆಲ್ಲಗೆ.

“ಬ್ಯಾಡಿ ಮೇಡಂ. ಕಣ್ ಓಗೋಕೆ ಮುಂಚೆ ಇನ್ನೊಂದ್ಸಲ ನೋಡ್ಬೇಕು ಅಂದ್ರೆ?”

ಹೊಳೆ ತುಂಬಿ ಹರಿಯುತ್ತಿತ್ತು. ಪುಟ್ಟರಾಜು ಹೋಗಿ ಅವ್ವನ ಪಕ್ಕ ಕೂತ.

“ಉಂಡ್ರಾ?” ಎಂದಳು ಸುಬ್ಬಮ್ಮ.

“ಊಂ ಕಣವ್ವ. ಸಾರು ಪೂರ್ತಿ ಉಂಡವ್ರೆ. ಬೀಡಿನೂ ಸೇದವ್ರೆ. ಕುಸಿಯಾಗವ್ರೆ.”

ಮುದುಕಿ ನೀರಿನ ಕಡೆ ಮುಖ ತಿರುಗಿಸಿದಳು.

“ಸುಳ್ ಏಳಾಕೂ ಬರಾಕಿಲ್ಲ ನಿಂಗೆ. ಅದು ನೀನು ಕಣ್ಲಾ ಮಗ.”

ಪುಟ್ಟರಾಜು ಬೆಚ್ಚಿದ. “ಯಾರ್ ಏಳುದ್ರು?”

“ಯಾರ್ ಏಳ್ಬೇಕು? ಉಬ್ಬಿನ್ ಮ್ಯಾಲೆ ಗಾಯದ ಕಲೆ ಐತೆ. ನಡಿಯಾಕ್ ಕಲೀವಾಗ ಒಳ್ಕಲ್ ಮ್ಯಾಲೆ ಬಿದ್ದು ಮಾಡ್ಕಂಡಿದ್ದು. ರಕ್ತ ಒರ್ಸಿದ್ದು ನಾನು. ನಂಗೊತ್ತಾಗಲ್ವಾ?”

“ಮತ್ಯಾಕವ್ವ ಎಡೆ ಇಡಕ್ ಬುಟ್ಟೆ?”

“ಏಳಾನ ಅಂತಿದ್ದೆ. ನೀನು ಅಪ್ಪಾ ಅಂದ್ಬುಟ್ಟೆ. ನಿನ್ ಬಾಯಲ್ಲಿ ಆ ಮಾತ ನಾನ್ ಒಂದಿನಾನೂ ಕೇಳಿರ್ನಿಲ್ಲ. ಎಂಗ್ ತಡೀಲಿ? ನಿಂಗೇನೂ ಆಗ್ದಿರ್ಲಿ ಅಂತ ನೆಟ್ಗೆ ತೆಗ್ದೆ.”

“ಅತ್ತಿದ್ಯಾಕೆ ಮತ್ತೆ?”

ಸುಬ್ಬಮ್ಮ ಮಡಿಲಲ್ಲಿದ್ದ ಹೊಸ ಪಂಚೆಯ ಮಡಿಕೆಗಳನ್ನು ನೀವಿದಳು. “ಆ ಗಾಜ್ನಾಗೆ ಆವಯ್ಯನ್ನ ಉಡುಕ್ದೆ ಕಣ್ಮಗ. ನಿನ್ ಮುಖ ಆ ಕಡೀಕ್ ತಳ್ಳಿ ಆವಯ್ಯಂದು ತಂದ್ಕಳಾನ ಅಂತ. ಬರ್ನಿಲ್ಲ. ಮೂಗು ಎಂಗಿತ್ತೋ, ಕಣ್ಣು ಎಂಗಿದ್ವೋ... ಒಂದೂ ಇಲ್ಲ. ಎಂದೋ ಓಗ್ಬುಟ್ಟೈತೆ. ನಂಗೇ ಗೊತ್ತಾಗಿರ್ನಿಲ್ಲ.”

“ನಾನ್ ಆವಯ್ಯನಂಗೇ ಇವ್ನಿ ಅಂತಿದ್ದಲ್ಲವ್ವ?” ಎಂದ ಪುಟ್ಟರಾಜು. ಅವನ ದನಿ ಚಿಕ್ಕ ಹುಡುಗನದಾಗಿತ್ತು.

ಮುದುಕಿ ಪಂಚೆಯನ್ನು ಬಿಡಿಸಿ ಮತ್ತೆ ಮಡಿಸಿದಳು.

“ಚಿಕ್ಕೋನಿದ್ದಾಗ ಅಪ್ಪ ಎಂಗಿದ್ದ ಎಂಗಿದ್ದ ಅಂತ ರಚ್ಚೆ ಇಡೀತಿದ್ದೆ. ಏನಾರ ಏಳ್ಬೇಕಲ್ಲ. ನಿನ್ನಂಗೇ ಇದ್ದ ಅಂದೆ. ಸುಮ್ಕಾದೆ. ಆಮ್ಯಾಕೆ ಅದ್ನೇ ಏಳ್ಕಂಡ್ ಬಂದೆ. ಏಳ್ತಾ ಏಳ್ತಾ ಆವಯ್ಯನ ಮುಖ ಓಗಿ ಆ ಜಾಗದಾಗೆ ನಿನ್ ಮುಖನೇ ಕುಂತ್ಕತು. ನೀನ್ ಆವಯ್ಯನಂಗಿದ್ದೀಯೋ ಇಲ್ವೋ, ದೇವ್ರಾಣೆಗೂ ನಂಗೊತ್ತಿಲ್ಲ ಕಣಪ್ಪ.”

ಪುಟ್ಟರಾಜುವಿಗೆ ಅಂಗಡಿಯ ದೊಡ್ಡ ಕನ್ನಡಿ ನೆನಪಾಯಿತು. ಇಷ್ಟು ವರ್ಷ ದಿನಾ ಬೆಳಿಗ್ಗೆ ತಾನು ಯಾರಿಗೆ ನಗು ಕೊಟ್ಟು ಕೂರುತ್ತಿದ್ದೆ ಎಂದು ಯೋಚಿಸಿದ. ನಾಳೆ ಬೆಳಿಗ್ಗೆಯೂ ತಲೆ ಬಾಚಲೇಬೇಕಲ್ಲ ಎಂದೂ ಯೋಚಿಸಿದ. ಅಳು ಬಂತು, ಅತ್ತ. ಅವ್ವ ಅವನ ಬೆನ್ನು ಸವರಿದಳು.

ಹಿಂದಿನಿಂದ ಕುಮಾರ ಬಂದ. ಬಾಯಿ ಒರೆಸಿಕೊಳ್ಳುತ್ತಿದ್ದ. “ಆಟೋ ಬಂದೈತೆ ಅಣ್ಣ. ಸಾರು ಸುಮ್ನೆ ಚೆಲ್ಲೋದ್ಯಾಕೆ ಅಂತ ನಾನೂ ನಾಗೇಶನೂ ಉಂಡ್ಬುಟ್ವು. ಉಪ್ಪು ಒಂದ್ ಚೂರು ಮುಂದಾಗಿತ್ತು,” ಎಂದು ಹೇಳಿ ಖಾಲಿ ಕ್ಯಾರಿಯರು ಎತ್ತಿಕೊಂಡು ಹೋದ.

ಪುಟ್ಟರಾಜು ಎದ್ದು ಮುಖ ಒರೆಸಿಕೊಂಡ. ನಾಲ್ಕು ಮೆಟ್ಟಿಲು ಹತ್ತಿದವನು ನಿಂತ. ಅವ್ವ ಇನ್ನೂ ಹೊಳೆಯ ಕಡೆ ಮುಖ ಮಾಡಿ ಕೂತಿದ್ದಳು. ಮುಖವಂತೂ ಹೋಯಿತು, ಇನ್ನೇನಾದರೂ ತನ್ನಲ್ಲಿ ಉಳಿದಿರಬಹುದೇ ಎಂದು ಅವನಿಗೆ ಒಂದು ಆಸೆ ಹುಟ್ಟಿತು. ಗಂಟಲು ಸರಿಮಾಡಿಕೊಂಡು, ರಾಗವೆಳೆಯದೆ, ಗಟ್ಟಿಯಾಗಿ ಕೂಗಿದ.

“ಬತ್ತೀರೋ, ಓಗ್ಲೋ?”

ಸುಬ್ಬಮ್ಮನ ಬೆನ್ನು ನೆಟ್ಟಗಾಯಿತು. ತಲೆ ಒಂದು ಕಡೆಗೆ ವಾಲಿಸಿ ಕಿವಿಗೊಟ್ಟಳು. ಪುಟ್ಟರಾಜು ಉಸಿರು ಬಿಗಿಹಿಡಿದು ನಿಂತ.

“ಇಲ್ಲ ಕಣ್ಮಗ,” ಎಂದಳು ಅವಳು ಕೊನೆಗೆ, ಎಬ್ಬಿಸು ಎಂದು ಕೈ ಚಾಚುತ್ತ. “ಇಂಗಲ್ಲ.”